ತಿರುವಿಗೆ ಗರಗರ

ಮಾರ್ಚ್ 3, ಸೋಮವಾರ. ಬೆಳಿಗ್ಗೆ

ಇವತ್ತೂ ಅದೇ. ಕೀಲಿ ತಿರುಗಿಸಿದರೆ ಒಂದು ‘ಟಿಕ್’. ಆಮೇಲೆ ಮೌನವ್ರತ. ಬಾನೆಟ್ ಎತ್ತಿ, ಬ್ಯಾಟರಿಯ ವೈರು ಅಲುಗಾಡಿಸಿ, ಮತ್ತೆ ತಿರುಗಿಸಿದರೆ... ಟಿಕ್. ಮೂರನೇ ಸಲಕ್ಕೆ ಇಂಜಿನ್ ಹೊತ್ತಿಕೊಂಡಿತು. ಅಷ್ಟರಲ್ಲಿ ನನ್ನ ಹೊಟ್ಟೆ ಹೊತ್ತಿಕೊಂಡಿತ್ತು.

ಅತ್ತೆ, ಅಂದರೆ ನಮ್ಮ ಜೊತೆಗೇ ಇರುವ ಇವಳ ತಾಯಿ, ಬಾಲ್ಕನಿಯಿಂದ: “ಅಳಿಯಂದ್ರೇ, ಕಾರು ತಂದಿದ್ದೀರೋ, ಕಾಯಿಲೆಯವರನ್ನ ತಂದಿದ್ದೀರೋ? ದಿನಾ ಎದ್ದು ಎದೆ ಮುಟ್ಟಿ ನೋಡ್ತೀರಲ್ಲ!”

ಮಾರಿದವರು ಹಲ್ಲಿನ ಡಾಕ್ಟರು. “ಒಂದೇ ಕೈಲಿ ಓಡಿದ ಗಾಡಿ” ಅಂದಿದ್ದರು. ಇನ್ನೊಂದು ಕೈ ಬಾಗಿಲು ಹಿಡಿದುಕೊಂಡಿತ್ತು ಅನ್ನುವುದನ್ನು ಹೇಳಲಿಲ್ಲ. ಎಡಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಇವಳು ಇಳಿದು ಸುತ್ತಿ ಬಂದು ತೆಗೆಯಬೇಕು. ಅಲ್ಲಿಯವರೆಗೆ ನಾನು ಒಳಗೆ ಮಹಾರಾಜನಂತೆ, ಅಥವಾ ಕೈದಿಯಂತೆ.

ಇವಳಿಗೆ ವರ್ಗವಾಗಿದೆ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಹೊಸ ಆಸ್ಪತ್ರೆ ಇಲ್ಲಿಂದ ಒಂದೂವರೆ ಗಂಟೆಯ ದಾರಿ. ಬೆಳಿಗ್ಗೆ ಏಳಕ್ಕೆ ಡ್ಯೂಟಿ. ಮೊದಲ ಬಸ್ಸು ತಲುಪುವುದೇ ಎಂಟೂವರೆಗೆ. ಏಪ್ರಿಲ್ ಒಂದಕ್ಕೆ ಹಾಜರಾಗಬೇಕು. ಅಲ್ಲಿಯ ನರ್ಸ್ ಒಬ್ಬಳು ತನ್ನ ರೂಮಿನಲ್ಲಿ ಜಾಗ ಕೊಡುತ್ತೇನೆ ಅಂದಿದ್ದಾಳೆ.

“ಗಾಡಿ ನೆಟ್ಟಗಿದ್ರೆ ಓಡಾಡ್ತೀನಿ. ಇಲ್ಲಾಂದ್ರೆ ರೂಮು.” ಉಪ್ಪು ಸಾಕಾ ಅಂತ ಕೇಳುವ ದನಿಯಲ್ಲಿ ಅಂದಳು.

ಅದಕ್ಕೇ ಈ ಗಾಡಿ. ಓಡಿಸುವುದು ಅವಳ ಪಾಲು, ರಿಪೇರಿ ನನ್ನ ಪಾಲು.

ಮಾರ್ಚ್ 8, ಶನಿವಾರ

ಮೇಸ್ತ್ರಿ ಸಿಕ್ಕಿದರು. ನಮ್ಮ ಪ್ರೆಸ್ಸಿನ ಹಿಂದಿನ ಬೀದಿ, ತಗಡಿನ ಶೆಡ್ಡು. ಅರವತ್ತರ ಆಸುಪಾಸು. ಬಾಯಿ ತುಂಬ ಮಾತು. ಕಿವಿ ಮಾತ್ರ ಇಲ್ಲ. ಜೀವಮಾನವಿಡೀ ಇಂಜಿನ್ನಿನ ಪಕ್ಕ ತಲೆ ಇಟ್ಟು ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ಮುಕ್ಕಾಲು. ಉಳಿದ ಕಾಲು ಭಾಗದಲ್ಲಿ ವ್ಯಾಪಾರ ನಡೆಯುತ್ತಿದೆ.

“ಶಬ್ದ ಹೇಳಿ ಮೇಷ್ಟ್ರೇ.”

“ನಾನು ಮೇಷ್ಟ್ರಲ್ಲ. ಪ್ರೆಸ್ಸಲ್ಲಿ ಪ್ರೂಫ್ ನೋಡೋನು.”

“ಹ್ಞಾಂ, ಅದೇ ಮೇಷ್ಟ್ರೇ, ಗಾಡಿ ಏನಂತ ಶಬ್ದ ಮಾಡುತ್ತೆ? ಗಿರಾಕಿ ಬಾಯಲ್ಲಿ ಒಂದ್ಸಲ ಕೇಳಿದ್ರೆ ಸಾಕು, ಕಾಯಿಲೆ ಹೇಳ್ತೀನಿ. ಟಿಕ್ ಅಂದ್ರೆ ಒಂದು, ಟಕ್ ಅಂದ್ರೆ ಇನ್ನೊಂದು. ಟರ್ರ್ ಅಂದ್ರೆ ಮನೆಗೆ ಫೋನ್ ಮಾಡ್ಬಿಡಿ, ಲೇಟಾಗುತ್ತೆ ಅಂತ.”

ಎಡಗಿವಿಗೆ ಬಾಯಿಟ್ಟು “ಟಿಕ್!” ಅಂತ ಕೂಗಿದೆ.

“ಒಂದೇ ಟಿಕ್ಕಾ, ಟಿಕ್‌ಟಿಕ್‌ಟಿಕ್ಕಾ?”

“ಒಂದೇ!”

“ಸೆಲ್ಫ್ ಸರಿಯಿಲ್ಲ.”

ತಲೆ ತಗ್ಗಿಸಿದೆ. ಆಮೇಲೆ ತಿಳಿಯಿತು, ಅವರು ಹೇಳಿದ್ದು ಇಂಜಿನ್ ಸ್ಟಾರ್ಟ್ ಮಾಡುವ ಮೋಟರಿನ ಬಗ್ಗೆ. ಬಿಚ್ಚಿದರು. ಒಳಗಿನ ಬ್ರಷ್ಷು ಸವೆದು ಚೂರಾಗಿತ್ತು. ಹೊಸದು ಹಾಕಿದರು. ಕೀಲಿ ಮುಟ್ಟಿದರೆ ಸಾಕು, ಈಗ ಹಾರಿ ಬೀಳುತ್ತದೆ.

ಅನುಕರಣಾವ್ಯಯ! ಟಿಕ್, ಟಕ್ಕಿನಂಥ ಸದ್ದಿನ ಪದಗಳು, ವ್ಯಾಕರಣದಲ್ಲಿ ಎರಡು ಮಾರ್ಕಿನ ಪ್ರಶ್ನೆ. ಬಿ.ಎ. ಮುಗಿಸಿ ಇಷ್ಟು ವರ್ಷಕ್ಕೆ ಆ ಎರಡು ಮಾರ್ಕು ಕೈಗೆ ಬಂತು. ಅತ್ತೆಗೆ ಹೇಳಿದೆ. “ಉಳಿದ ತೊಂಬತ್ತೆಂಟು?” ಅಂದರು.

ಮಾರ್ಚ್ 9, ಭಾನುವಾರ

ಇವಳ ಜೊತೆ ಬೈಪಾಸಿನ ತನಕ. ಗಾಡಿ ಓಡಿದಂತೆ ಒಂದೊಂದೇ ಹೊರಗೆ ಬರುತ್ತಿದೆ. ನೆಂಟರು ಎರಡನೇ ದಿನಕ್ಕೆ ತಮ್ಮ ಸ್ವಭಾವ ತೋರಿಸುವ ಹಾಗೆ. ಸಿಗ್ನಲ್ಲಿನಲ್ಲಿ ನಿಂತರೆ ಮೈಯೆಲ್ಲ ನಡುಕ. ಹೊರಟರೆ ಹಿಂದೆ ಬಟ್ಟೆ ಹರಿದಂತೆ ಸದ್ದು. ಬ್ರೇಕು ಹಾಕಿದರೆ ಹಲ್ಲು ಕಡಿಯುತ್ತದೆ (ಸಾಕಿದವರ ಗುಣ). ಎಲ್ಲಕ್ಕಿಂತ ಮೇಲಾಗಿ, ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಹಾರ್ನು ತಾನಾಗಿ ಕೂಗುತ್ತದೆ. ರಸ್ತೆ ದಾಟುತ್ತಿದ್ದ ಮುದುಕರೊಬ್ಬರು ಎಗರಿಬಿದ್ದು ಕೋಲು ಎತ್ತಿದರು.

“ನಾನಲ್ಲ ತಾತಾ, ಗಾಡಿ!” ಇವಳು ಕಿಟಕಿಯಿಂದ ಕೂಗಿದಳು.

ನಾನು ನಗುತ್ತಿದ್ದೆ. ಇವಳು ನಗಲಿಲ್ಲ.

“ಹಾರ್ನ್ ಹಾಳಾಗ್ಲಿ ಬಿಡಿ. ಎಡಕ್ಕೆ ತಿರುಗಿಸುವಾಗ ಕಟಕಟ ಅಂತಿದೆ ರೀ. ಕೈಗೆ ಬಡಿಯುತ್ತೆ. ಕೇಳಿಸ್ತಾ?”

ಆ ಹಾರ್ನಿನ ಗಲಾಟೆಯಲ್ಲಿ ಏನು ಕೇಳಿಸುತ್ತದೆ?

“ಕೇಳಿಸ್ತು” ಅಂದೆ.

ಮಾರ್ಚ್ 11, ಮಂಗಳವಾರ. ಪ್ರೆಸ್ಸಿನಲ್ಲಿ

ಸೋಫಾ ಅಂಗಡಿಯ ಉದ್ಘಾಟನೆಗೆ ಕಾರ್ಡು. “ಒರಗಿದರೆ ಒಲವು, ಮಲಗಿದರೆ ಗೆಲುವು.” ಅಂಗಡಿಯವನಿಗೆ ಹಿಡಿಸಿತು. ಮಲಗಿದವನು ಏನು ಗೆದ್ದ ಅಂತ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬಿಸಿ ಆರುವ ಮೊದಲೇ ಮೇಸ್ತ್ರಿಗೂ ಒಂದು ಕಟ್ಟಿದೆ. ಕಿವಿ ಕೇಳದವರಿಗೆ ಪದ್ಯವಾದರೆ ಹಿಡಿಯುವುದು ಸಲೀಸು:

ನಿಂತರೆ ಥರಥರ,
ಹೊರಟರೆ ಪರಪರ,
ಬ್ರೇಕಿಗೆ ಕರಕರ,
ತಿರುವಿಗೆ ಗರಗರ.

ಇವಳು ಹೇಳಿದ್ದು ಕಟಕಟ. ಆದರೆ ಮೂರು ‘ರ’ ಸಾಲಾಗಿ ಬಂದ ಮೇಲೆ ಅಲ್ಲೊಂದು ‘ಟ’ ಇಟ್ಟರೆ ಕೊನೇ ತುತ್ತಿನಲ್ಲಿ ಕಲ್ಲು ಸಿಕ್ಕಂತೆ. ಬಂದ ಪ್ರೂಫನ್ನೆಲ್ಲ ತಿದ್ದುವ ಕೈ, ಸುಮ್ಮನಿರಲಿಲ್ಲ. ಗರಗರವೇ ಇರಲಿ. ಎರಡೂ ಸದ್ದೇ ತಾನೇ?

ಮಾರ್ಚ್ 14, ಶುಕ್ರವಾರ

ಪದ್ಯ ಶೆಡ್ಡಿನಲ್ಲಿ ಸೂಪರ್ ಹಿಟ್. ಪಕ್ಕದಲ್ಲಿ ಬಣ್ಣ ಹೊಡೆಯುತ್ತಿದ್ದವನು ಮಾಸ್ಕ್ ಇಳಿಸಿ ಎರಡನೇ ಸಲ ಹೇಳಿಸಿದ. ಮೇಸ್ತ್ರಿ ಬೆರಳು ಮಡಚುತ್ತ ಕೇಳಿದರು.

“ಥರಥರ, ಇಂಜಿನ್ ಕೆಳಗಿನ ರಬ್ಬರ್ ಹೋಗಿದೆ. ಪರಪರ, ಸೈಲೆನ್ಸರ್ ತೂತು. ಕರಕರ, ಬ್ರೇಕ್ ಪ್ಯಾಡು. ತಿರುವಿಗೆ ಏನಂದ್ರಿ, ಗರಗರನಾ?”

“ಗರಗರ!”

“ಖಾತ್ರಿನಾ?”

“ಖಾತ್ರಿ!”

“ಹಾಗಾದ್ರೆ ಚಕ್ರದ ಬೇರಿಂಗು. ಮುಗೀತು.”

ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ದವಡೆಗೆ ಇಟ್ಟುಕೊಂಡರು. ಕಣ್ಣು ಮುಚ್ಚಿದರು.

“ಕಿವಿ ಕೈಕೊಟ್ಟ ಮೇಲೆ ಮೂಳೆಯಲ್ಲಿ ಕೇಳ್ತೀನಿ. ಆದ್ರೆ ಓಡೋ ಚಕ್ರಕ್ಕೆ ದವಡೆ ಇಡೋಕಾಗಲ್ಲವಲ್ಲ ಮೇಷ್ಟ್ರೇ. ಅಲ್ಲಿ ನಿಮ್ಮ ಮಾತೇ ಗತಿ.”

ಹೆಮ್ಮೆಯಾಯಿತು. ಬರೆದಿಡುತ್ತಿದ್ದೇನೆ.

ಮಾರ್ಚ್ 16, ಭಾನುವಾರ

ಗಾಡಿ ಬಂತು. ನಡುಕವಿಲ್ಲ, ಬಟ್ಟೆ ಹರಿಯುವ ಸದ್ದಿಲ್ಲ, ಹಲ್ಲು ಕಡಿತವಿಲ್ಲ. ಹಾರ್ನು ಒತ್ತಿದರೆ ಮಾತ್ರ ಕೂಗುತ್ತದೆ. ಎಡಬಾಗಿಲು ಒಳಗಿನಿಂದಲೇ ತೆರೆಯುತ್ತದೆ, ನಾನೀಗ ಸ್ವತಂತ್ರ ಪ್ರಜೆ.

ಬೈಪಾಸಿನ ತಿರುವು.

“ಕಟಕಟ ಇನ್ನೂ ಇದೆ ರೀ.”

“ಹೊಸ ಬೇರಿಂಗು. ಕೂತ್ಕೊಳ್ಳೋಕೆ ನಾಲ್ಕು ದಿನ ಬೇಕು.”

ಎಲ್ಲಿಂದ ಬಂತೋ ಈ ಮಾತು. ಮೇಸ್ತ್ರಿ ಹೇಳಿದ್ದಲ್ಲ. ಬಾಯಿಗೆ ತಾನಾಗಿ ಬಂತು, ತುಂಬ ತಿಳಿದವನ ದನಿಯಲ್ಲಿ.

ಇವಳು ನನ್ನ ಮುಖ ನೋಡಿದಳು. ರೇಡಿಯೋ ಹಾಕಿದಳು. ರೇಡಿಯೋ ಕೆಟ್ಟಿದೆ. ಆದರೂ ಹಾಕಿದಳು.

ಮಾರ್ಚ್ 22, ಶನಿವಾರ

ಈಗ ಬಿಸಿ. ಏರು ಹತ್ತಿದರೆ ಮುಳ್ಳು ಕೆಂಪಿಗೆ ಹೋಗುತ್ತದೆ. ಮೇಸ್ತ್ರಿ ನೀರಿನ ಪೈಪು ಬದಲಿಸಿದರು. ಬಿಸಿ ಹಾಗೇ ಇತ್ತು. ರೇಡಿಯೇಟರ್ ತೊಳೆದರು. ಹಾಗೇ ಇತ್ತು. ಕೊನೆಗೆ ನೀರು ಬಿಡುವ ವಾಲ್ವೇ ಅರ್ಧಕ್ಕೆ ಅಂಟಿಕೊಂಡಿದೆ ಅಂತ ಪತ್ತೆಯಾಯಿತು. “ಇದು ಶಬ್ದ ಮಾಡಲ್ಲ ನೋಡಿ, ಅದಕ್ಕೇ ತಡವಾಯ್ತು” ಅಂದರು, ತಪ್ಪು ಗಾಡಿಯದು ಅನ್ನುವ ಹಾಗೆ.

ಕೂತಲ್ಲಿ ಕೂರಲಾಗುತ್ತಿಲ್ಲ. ಪ್ರೆಸ್ಸಿನಲ್ಲಿ ಒಂದೇ ಪುಟವನ್ನು ಮೂರು ಸಲ ಓದಿದೆ. ‘ಶ್ರದ್ಧಾಂಜಲಿ’ಯಲ್ಲಿ ಒತ್ತಕ್ಷರ ಬಿಟ್ಟು ಹೋಗಿದ್ದು ಕಾಣಲಿಲ್ಲ. ಸತ್ತವರು ಬೇಜಾರು ಮಾಡಿಕೊಳ್ಳಲಿಕ್ಕಿಲ್ಲ, ಮಾಲೀಕರು ಮಾಡಿಕೊಂಡರು.

ನಿನ್ನೆ ಇವಳು ಬಸ್ಸಿನಲ್ಲಿ ಹೋಗಿ ಆ ರೂಮು ನೋಡಿ ಬಂದಳಂತೆ.

“ಹೇಗಿದೆ?”

“ಕಿಟಕಿ ಇದೆ.”

“ಮತ್ತೆ?”

“ಸಾಕಲ್ಲ?”

ನಮ್ಮ ಮನೆಯಲ್ಲೂ ಕಿಟಕಿಗಳಿವೆ. ಎದ್ದು ಹೋಗಿ ಗಾಡಿಗೆ ನೀರು ನೋಡಿ ಬಂದೆ. ನೀರು ಇತ್ತು.

ಏಪ್ರಿಲ್ 1, ಮಂಗಳವಾರ

ಕತ್ತಲಿರುವಾಗಲೇ ಹೊರಟಳು. ಇಂಜಿನ್ ಸದ್ದು ಬೀದಿಯ ಕೊನೆಯಲ್ಲಿ ಎಡಕ್ಕೆ ತಿರುಗಿ ಕರಗಿತು. ಇಡೀ ದಿನ ಫೋನನ್ನು ಅಂಗೈಯಲ್ಲಿ ಇಟ್ಟುಕೊಂಡೇ ಪ್ರೂಫ್ ನೋಡಿದೆ.

ಸಂಜೆ ಬಂದಳು. ಗಾಡಿಯೂ ಬಂತು. ಅತ್ತೆ ಇಬ್ಬರಿಗೂ ನೀರು ಕೊಟ್ಟ ಹಾಗೆ ಮೊದಲು ಇವಳಿಗೆ ಲೋಟ ಕೊಟ್ಟು, ಬಾನೆಟ್ ತಟ್ಟಿ, “ನಿನಗೂ ಬೇಕೇನೋ?” ಅಂದರು.

ಮನೆ ತುಂಬಿದೆ. ಹೋಗಿ ಬರುವುದು ಇಷ್ಟು ಸುಲಭ. ರೂಮಂತೆ ರೂಮು.

ಏಪ್ರಿಲ್ 3, ಗುರುವಾರ. ಬೆಳಿಗ್ಗೆ 6.20

ಈಗಷ್ಟೇ ಫೋನ್. ದನಿ ಸಣ್ಣದಾಗಿತ್ತು.

“ಆಕ್ಸಲೇಟರ್ ಒತ್ತಿದ್ರೆ ಇಂಜಿನ್ ಕೂಗುತ್ತೆ, ಗಾಡಿ ಕದಲಲ್ಲ. ತಿರುವಿನ ಮಧ್ಯೆ ಕಟಕಟ ಜೋರಾಯ್ತು, ಪಟ್ ಅಂತು, ಅಷ್ಟೇ. ಹಿಂದೆ ಲಾರಿ ಇತ್ತು.”

“ಲಾರಿ?”

“ನಿಲ್ಲಿಸಿದ. ನಂಗೇನೂ ಆಗಿಲ್ಲ. ಅವನೇ ಇಳಿದು ಬದಿಗೆ ತಳ್ಳಿಕೊಟ್ಟ.”

“ಬರ್ತೀನಿ, ಈಗಲೇ...”

“ಬಂದು ಏನ್ಮಾಡ್ತೀರಿ? ಲ್ಯಾಬಲ್ಲಿ ಜನ ಉಪವಾಸ ಕೂತಿರ್ತಾರೆ. ಹಾಲಿನ ವ್ಯಾನಿನವನು ಬಿಡ್ತೀನಿ ಅಂದಿದ್ದಾನೆ. ಗಾಡಿ ತರಿಸ್ಕೊಳ್ಳಿ. ನಾನು ರೂಮಲ್ಲಿರ್ತೀನಿ.”

ಇವತ್ತು ಮಾತ್ರವಾ ಅಂತ ಕೇಳುವಷ್ಟರಲ್ಲಿ ಕಟ್.

ಏಪ್ರಿಲ್ 6, ಭಾನುವಾರ

ಬರಲಿಲ್ಲ. ವಾರದ ರಜೆಯಲ್ಲೂ ಡ್ಯೂಟಿ ಇದೆಯಂತೆ. ಇರಬಹುದು.

ಗಾಡಿ ಮೇಸ್ತ್ರಿಯ ಶೆಡ್ಡಿನ ಮುಂದೆ. ಮೇಸ್ತ್ರಿ ಮಗಳ ಮನೆಗೆ ಹೋಗಿದ್ದಾರೆ. ಬರುವುದು ಬುಧವಾರ.

ಮೊನ್ನೆ ಅತ್ತೆಗೆ ಹೇಳುತ್ತಿದ್ದೆ: “ಅವಳು ಊಟ ಮಾಡಿದಳಂತೆ.” ಅತ್ತೆ ತಟ್ಟೆಯಿಂದ ತಲೆ ಎತ್ತಿದರು. “ಅವಳು ಅಂದ್ರಾ?”

ಹೌದು. ಮದುವೆಯಾದ ಲಾಗಾಯ್ತು, ಮನೆಯಲ್ಲಿರಲಿ ಲ್ಯಾಬಿನಲ್ಲಿರಲಿ, ಎದುರಿಗಿಲ್ಲದಾಗಲೂ ‘ಇವಳು’ ಅಂತಲೇ ಬಾಯಿಗೆ ಬರುತ್ತಿತ್ತು. ‘ಇ’ ಹೋಗಿ ‘ಅ’ ಬಂದದ್ದು ಯಾವ ಹೊತ್ತಿಗೋ. ನಾನು ತಿದ್ದಿದ್ದಲ್ಲ.

ಏಪ್ರಿಲ್ 9, ಬುಧವಾರ

ಮೇಸ್ತ್ರಿ ಮುಂದಿನ ಬಲಚಕ್ರ ಬಿಚ್ಚಿದರು. ಇಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಒಂದು ಸರಳು, ತುದಿಯಲ್ಲಿ ಒಂದು ಕೀಲು, ಕೀಲಿನ ಮೇಲೆ ರಬ್ಬರಿನ ಚೀಲ. ಚೀಲ ಹೊಚ್ಚಹೊಸದು. ಚಾಕುವಿನಲ್ಲಿ ಸೀಳಿದರು. ಒಳಗಿಂದ ಕಪ್ಪು ಗ್ರೀಸಿನ ಜೊತೆ ಒಡೆದ ಗುಂಡುಗಳು ಅವರ ಅಂಗೈಗೆ ಉದುರಿದವು.

“ಒಸಡು ಹೊಸದು, ಹಲ್ಲು ಉದುರಿದೆ” ಅಂದೆ. ಮಾರಿದ ಡಾಕ್ಟರನ್ನು ನೆನೆದು.

ಮೇಸ್ತ್ರಿ ನಗಲಿಲ್ಲ. “ಬೇರಿಂಗ್ ಹಾಕುವಾಗ ಇದನ್ನ ನೋಡಿದ್ದೆ. ರಬ್ಬರ್ ಹೊಸದು ಅಂತ ಸುಮ್ಮನಾದೆ. ನಂದೂ ತಪ್ಪೇ. ಆದ್ರೆ ಮೇಷ್ಟ್ರೇ, ಇದು ಗರಗರ ಅನ್ನಲ್ಲ. ಸಾಯೋ ತನಕ ಅನ್ನಲ್ಲ. ಕಟಕಟ ಅನ್ನುತ್ತೆ.”

“ಅವಳು ಕಟಕಟ ಅಂತಾನೇ ಅಂದಿದ್ದಳು.”

“ಆಂ?”

ಎಡಗಿವಿಗೆ ಬಗ್ಗಿ ಕೂಗಿದೆ. ಬೀದಿಗೆಲ್ಲ ಕೇಳಿಸಿತು. ಬಣ್ಣದವನು ಮಾಸ್ಕ್ ಇಳಿಸಿದ.

“ಮತ್ತೆ ಗರಗರ ಎಲ್ಲಿಂದ ಬಂತು?”

“ಪದ್ಯಕ್ಕೆ.”

ಮೇಸ್ತ್ರಿ ಬಹಳ ಹೊತ್ತು ನನ್ನ ಬಾಯಿಯನ್ನೇ ನೋಡಿದರು, ಸರಿಯಾಗಿ ಕೇಳಿಸಿಕೊಂಡೆನಾ ಅನ್ನುವಂತೆ.

“ನಂಗೆ ಕಿವಿ ಇಲ್ಲ, ಸರಿ. ನಿಮಗೇನಾಗಿತ್ತು?”

ಏಪ್ರಿಲ್ 12, ಶನಿವಾರ

ಮಧ್ಯಾಹ್ನದ ಬಸ್ಸಿಗೆ ಬಂದಳು. ಮುಖದಲ್ಲಿ ಗೆಲುವಿದೆ. ಕಣ್ಣ ಕೆಳಗಿನ ಕಪ್ಪು ಕಡಿಮೆಯಾಗಿದೆ. ಇದನ್ನು ನೋಡಿ ಖುಷಿ ಪಡಬೇಕು.

ಅತ್ತೆ ಒಳಗೆ ಹೋದದ್ದೇ ಹೇಳಿದೆ. ಸುತ್ತಿ ಬಳಸಲಿಲ್ಲ. “ನೀನು ಕಟಕಟ ಅಂದಿದ್ದೆ. ನಾನು ಮೇಸ್ತ್ರಿಗೆ ಗರಗರ ಅಂತ ಹೇಳಿದ್ದೆ.”

“ಯಾಕೆ?”

“ಪ್ರಾಸ ಕೂರಲಿಲ್ಲ.”

ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಕಣ್ಣಲ್ಲಿ ನೀರು ಬಂತು. ನಾನೂ ಜೊತೆಗೆ ನಗುತ್ತಿದ್ದೆ. ಅವಳು ಯಾವಾಗ ನಿಲ್ಲಿಸಿದಳೋ, ನನ್ನ ನಗು ಒಂದೇ ಉಳಿದಿತ್ತು.

“ಲಾರಿ ನನ್ನ ಬೆನ್ನಿಗಿತ್ತು ರೀ.”

“ಗೊತ್ತು.”

“ಎರಡು ಸಲ ಹೇಳಿದ್ದೆ.”

“ಗೊತ್ತು.”

“ಬೇರಿಂಗ್ ಕೂತ್ಕೊಳ್ಳಬೇಕು ಅಂದ್ರಿ. ನಾನೂ ನಂಬಿದೆ. ಅಷ್ಟು ಧೈರ್ಯವಾಗಿ ಹೇಳಿದ್ರಿ.”



ಏಪ್ರಿಲ್ 13, ಭಾನುವಾರ

ಮೇಸ್ತ್ರಿ ಹೊಸ ಕೀಲು ಹಾಕಿ, ಸ್ವತಃ ಅವಳ ಪಕ್ಕದ ಸೀಟಿನಲ್ಲಿ ಕೂತರು. ನನ್ನನ್ನು ಹಿಂದೆ ಹಾಕಿದರು.

“ಅಮ್ಮಾ, ನೀವೇ ಹೇಳಿ. ಅವರನ್ನ ಕೇಳಲ್ಲ.”

ಖಾಲಿ ಮೈದಾನದಲ್ಲಿ ಎಡಕ್ಕೆ ಸುತ್ತು, ಬಲಕ್ಕೆ ಸುತ್ತು, ಎಂಟರ ಆಕಾರ. ಧೂಳೆದ್ದು ಕಿಟಕಿ ಮಂಜಾಯಿತು. ಅವಳು ಹೇಳುತ್ತಾ ಹೋದಳು: “ಎಡಕ್ಕೆ ಏನೂ ಇಲ್ಲ. ಬಲಕ್ಕೆ... ಇಲ್ಲ. ಬ್ರೇಕ್ ಹಾಕಿದ್ರೆ ಸ್ವಲ್ಪ ಎಡಕ್ಕೆ ಎಳೀತಿದೆ.” ಮೇಸ್ತ್ರಿ ಅವಳ ಬಾಯಿ ನೋಡಿ ತಲೆಯಾಡಿಸಿದರು, ಇಳಿದರು, ಎಡಚಕ್ರಕ್ಕೆ ಗಾಳಿ ಕಡಿಮೆಯಾಗಿದ್ದು ಸಿಕ್ಕಿತು. ತುಂಬಿದರು.

“ಈಗ?”

“ಈಗ ಸರಿ.”

ಇಡೀ ಗಾಡಿ ಸರಿಯಾಯಿತು. ಹಿಂದಿನ ಸೀಟಿನಲ್ಲಿ ನನಗೆ ರೆಕ್ಕೆ ಬಂದಿತ್ತು. ಇನ್ನೇನಿದೆ ನೆಪ?

ಸಂಜೆ ಬಟ್ಟೆ ಮಡಚುತ್ತ ಅಂದಳು: “ರೂಮು ಬಿಡಲ್ಲ ರೀ.”

“ಗಾಡಿ ಸರಿಹೋಯ್ತಲ್ಲ!”

“ಸರಿಹೋಯ್ತು. ಅದಕ್ಕೇ ಇವತ್ತು ಹೇಳ್ತಿದ್ದೀನಿ. ಕೆಟ್ಟಿದ್ರೆ ಗಾಡಿ ಮೇಲೆ ಹಾಕಿ ಹೇಳ್ತಿದ್ದೆ.”

ನಾಳೆಯಿಂದ ವಾರದಲ್ಲಿ ಮೂರು ರಾತ್ರಿ ಅಲ್ಲಿ. ಉಳಿದದ್ದು ಇಲ್ಲಿ. ಅಲ್ಲಿ ಕೆಲಸ ಮುಗಿದ ಮೇಲೆ ಯಾರಿಗೂ ಏನೂ ಕೊಡಬೇಕಾಗಿಲ್ಲವಂತೆ. ಕಿಟಕಿ ಪಕ್ಕ ಕಾಲು ಚಾಚಿ ಕೂರುತ್ತಾಳಂತೆ. ಸುಮ್ಮನೆ.

“ಇಲ್ಲಿ ಯಾರು ಬೇಡ ಅಂದ್ರು ಕೂರೋಕೆ?” ಅಂದೆ.

“ಯಾರೂ ಬೇಡ ಅನ್ನಲಿಲ್ಲ. ನೀವು ಕೂತ್ಕೋ ಅಂತಾನೂ ಅನ್ನಲಿಲ್ಲ. ಒಂದೂವರೆ ತಿಂಗಳಿಂದ ನೋಡ್ತಿದ್ದೀನಿ, ಗಾಡಿ ಬಗ್ಗೆ ಎಷ್ಟು ಮಾತು! ನಾನು ಹೋಗೋದು ನಿಮಗೆ ಬೇಕೋ ಬೇಡವೋ ಅಂತ ಒಂದು ಮಾತು ಬಂತಾ?”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಊಟಕ್ಕೆ ಕರೆದರು. ಊಟಕ್ಕೆ ಹೋದೆ. ನಾಚಿಕೆಗೆಟ್ಟವನು, ಎರಡು ಸಲ ಹಾಕಿಸಿಕೊಂಡೆ.

ಏಪ್ರಿಲ್ 14, ಸೋಮವಾರ. ಬೆಳಿಗ್ಗೆ 5

ಎದ್ದಿದ್ದಾಳೆ. ಬ್ಯಾಗು ಬಾಗಿಲ ಬಳಿ. ಅತ್ತೆ ಫ್ಲಾಸ್ಕಿಗೆ ಕಾಫಿ ತುಂಬಿ, ನನ್ನನ್ನು ಅಡಿಗೆಮನೆಯಿಂದ ಹೊರಗೆ ದಬ್ಬಿದರು. “ಇಲ್ಲಿ ನಿಂತು ಏನ್ ಹುಡುಕ್ತಿದ್ದೀರಿ ಅಳಿಯಂದ್ರೇ? ನಿಮ್ಮ ಸಾಮಾನು ಕೆಳಗೆ ಹೋಗ್ತಿದೆ.”

ರಾತ್ರಿಯೆಲ್ಲ ಮಗ್ಗುಲು ಬದಲಿಸುತ್ತ ಒಂದು ಮಾತು ಜೋಡಿಸಿದ್ದೆ. ಈಗ ಬರೆದು ನೋಡಿದೆ: “ಹೋಗು, ತಡೆಯುವುದಿಲ್ಲ, ಹೋದರೆ ಮನೆ ಮನೆಯಲ್ಲ.” ಚೆನ್ನಾಗಿದೆ. ಸೋಫಾ ಅಂಗಡಿಯವನಿಗೂ ಹಿಡಿಸುತ್ತದೆ. ಮೊದಲರ್ಧ ಸುಳ್ಳು, ಉಳಿದರ್ಧ ಹೆದರಿಕೆ. ಹೊಡೆದು ಹಾಕಿದೆ.

ಅವಳಿಗೆ ಕಿಟಕಿ ಬೇಕು. ಅದು ಅವಳ ಮಾತು, ಇದ್ದ ಹಾಗೇ ಇರಲಿ. ಮುಟ್ಟುವುದಿಲ್ಲ. ಆದರೆ ನನ್ನದೂ ಒಂದಿದೆಯಲ್ಲ, ಅವಳು ಹೋಗುವುದು ನನಗೆ ಬೇಡ ಅನ್ನುವುದು. ಅದನ್ನು ಈವರೆಗೆ ಯಾರ ಕಿವಿಗೂ ಹಾಕಿಲ್ಲ.

ಕೆಳಗೆ ಇಂಜಿನ್ ಸ್ಟಾರ್ಟ್ ಆಯಿತು. ಒಂದೇ ಸಲಕ್ಕೆ. ನಡುಕವಿಲ್ಲ, ಏನಿಲ್ಲ. ಹೊರಟಿಲ್ಲ ಇನ್ನೂ. ಕಾಯುತ್ತಿದ್ದಾಳೋ, ಇಂಜಿನ್ ಬಿಸಿಯಾಗಲಿ ಅಂತ ಬಿಟ್ಟಿದ್ದಾಳೋ.

ಚಪ್ಪಲಿ ಒಂದೇ ಸಿಕ್ಕಿತು. ಇರಲಿ. ಹೋಗಿ ಕಿಟಕಿ ಇಳಿಸು ಅನ್ನಬೇಕು. ಅನ್ನಬೇಕು — ಪ್ರಾಸ ಬೇಡ — ಬರೀ ಅದೊಂದನ್ನೇ.